ಮಾವನನ್ನು ಹೊರಲು ಹೊರಟ ಕಾಲು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ, ನಿಜ ಹೇಳಿ. ಇಷ್ಟು ವರ್ಷ ಇದೆ ಅನ್ನುವುದೇ ನೆನಪಿಲ್ಲದ ಒಂದು ಮೂಳೆ, ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ, "ನಮಸ್ಕಾರ, ನಾನು ಇಲ್ಲೇ ಇದ್ದೀನಿ" ಅಂತ ಪರಿಚಯ ಮಾಡಿಕೊಂಡಿದೆಯಾ? ಮೊಣಕಾಲಿಗೂ ಪಾದಕ್ಕೂ ನಡುವೆ, ಮುಂದುಗಡೆ, ಮಂಚದ ಕಾಲಿಗೆ ತಗುಲಿಸಿಕೊಂಡು ಬೈದುಕೊಳ್ಳುತ್ತೇವಲ್ಲ, ಅದೇ ಮೂಳೆ. ಹಿಂದುಗಡೆ ಮೀನಖಂಡಕ್ಕಾದರೂ ಒಂದು ಚೆಂದದ ಹೆಸರಿದೆ. ಮುಂದಿನದ್ದನ್ನು ಯಾರೂ ಕರೆಯುವುದಿಲ್ಲ, ಮಾತಾಡಿಸುವುದಿಲ್ಲ. ಆ ಸಿಟ್ಟನ್ನೆಲ್ಲ ಅದು ನನ್ನ ಮೇಲೆ ತೀರಿಸಿಕೊಂಡಿತು!

ಕಥೆ ಹೇಳುತ್ತೇನೆ. ನಗು ಬಂದರೆ ನಗಿ. ಆದರೆ ಇದರಲ್ಲಿ ಒಬ್ಬರು ನಿಜವಾಗಿಯೂ ಸಾಯುತ್ತಾರೆ. ಆಮೇಲೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಕಮೆಂಟಿನಲ್ಲಿ ಜಗಳಕ್ಕೆ ಬರಬೇಡಿ.

ನಾನು ಶ್ರೀರಂಗಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ಬೆಳಗ್ಗೆ ಕುರ್ಚಿಯಲ್ಲಿ ಕೂತರೆ ಸಂಜೆ ಏಳುವುದು. ನನ್ನ ದೇಹದಲ್ಲಿ ವ್ಯಾಯಾಮ ಆಗುವ ಭಾಗಗಳು ಅಂದರೆ ಮೊಬೈಲ್ ಒತ್ತುವ ಹೆಬ್ಬೆರಳು ಮತ್ತು ಬಾಯಿ. ಹಾಗೇ ಸುಖವಾಗಿ ಇದ್ದೆ. ಕೆಡಿಸಿದ್ದು ಬಿಂಡಿಗನವಿಲೆಯ ಒಂದು ಸಾವು.

ತೀರಿಕೊಂಡವರು ನನ್ನ ಹೆಂಡತಿ ಭಾಗ್ಯಳ ದೊಡ್ಡಪ್ಪ. ಚಟ್ಟ ಎತ್ತುವಾಗ ಯಾರೋ, "ಅಳಿಯಂದ್ರು ಬನ್ನಿ, ಎಗಲು ಕೊಡಿ" ಅಂದರು. ನಾನು ಪಂಚೆ ಎತ್ತಿ ಕಟ್ಟಿ ಮುಂದೆ ನಿಂತೆ. ನಮ್ಮ ಕಡೆ ಹೆಣಕ್ಕೆ ಹೆಗಲು ಕೊಡುವುದು ಅಂದರೆ ಮದುವೆಮನೆಯಲ್ಲಿ ಪಾಯಸ ಬಡಿಸಿದ ಹಾಗಲ್ಲ. ಯಾರು ಕೊಟ್ಟರು, ಎಲ್ಲಿವರೆಗೆ ಕೊಟ್ಟರು, ಯಾರು ಅರ್ಧದಲ್ಲೇ ಜಾರಿಕೊಂಡರು, ಎಲ್ಲವನ್ನೂ ಊರು ನೆನಪಿಟ್ಟುಕೊಳ್ಳುತ್ತದೆ. ನಾನು ಬೀದಿಯ ಕೊನೆವರೆಗೂ ಹೋಗಲಿಲ್ಲ. ಎದೆ ಡವಡವ ಅಂತು. ಮೊಣಕಾಲು ಬಗ್ಗಿತು. ನನ್ನ ಮೂಲೆ ಇಳಿಯಿತು.

ಹಿಂದಿನವನು ಕೂಗಿದ, "ಯಾರ್ಲಾ ಅದು ಮುಂದೆ? ಎತ್ಲಾ ಮ್ಯಾಕೆ! ಎಣ ಉರುಳ್ತಾ ಅದೆ!"

ಬೇರೆ ಯಾರೋ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಹೆಗಲು ಕೊಟ್ಟರು. ನಾನು ಬೇಲಿ ಹಿಡಿದುಕೊಂಡು ನಾಯಿಯ ಹಾಗೆ ತೇಕುತ್ತಾ ನಿಂತೆ. ಆಗ ಪಕ್ಕದಲ್ಲಿ ಬಂದು ನಿಂತವರು ನನ್ನ ಸೋದರಮಾವ, ಅರಕೆರೆಯ ನಿಂಗೇಗೌಡರು.

"ಲೇ ರಮೇಸ, ನನ್ನ ಏನಾರಾ ಇಂಗೆ ಒತ್ರೆ, ನಾನು ಎದ್ದು ನಡ್ಕೊಂಡೇ ಓಯ್ತೀನಿ ಕಣ್ಲಾ!"

ಮಾವ ಅಂದರೆ ಆಳು. ಕಬ್ಬಿನ ಹೊರೆಯನ್ನು ಒಬ್ಬರೇ ಎತ್ತಿ ಟ್ರಾಕ್ಟರಿಗೆ ಎಸೆಯುತ್ತಿದ್ದವರು. ಅವರು ಕೂತರೆ ಮಂಚ ಅಳುತ್ತಿತ್ತು. ನಾನು ಚಿಕ್ಕವನಿದ್ದಾಗಲೇ ನಮ್ಮಪ್ಪ ಹೋದಮೇಲೆ ನನ್ನನ್ನು ಸಾಕಿದವರು, ಓದಿಸಿದವರು, ಅಂಗಡಿ ಹಾಕಿಸಿದವರು. ಮಾವನಿಗೆ ಗಂಡುಮಕ್ಕಳಿಲ್ಲ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಮದುವೆಯಾಗಿ ಹೋಗಿದ್ದಾರೆ.

ಆ ಬೇಸಿಗೆಯಲ್ಲೇ ಮಾವ ಹಾಸಿಗೆ ಹಿಡಿದರು. ಊಟ ಸೇರದ ಕಾಯಿಲೆ. ದೊಡ್ಡ ಆಸ್ಪತ್ರೆಯವರು ನೋಡಿ, ಮನೆಗೆ ಕರೆದುಕೊಂಡು ಹೋಗಿ ಅಂದರು. ನೋಡಲು ಹೋದೆ. ಕಂಬಳಿ ಕುತ್ತಿಗೆವರೆಗೂ ಹೊದ್ದು ಮಲಗಿದ್ದರು.

"ಬಾರ್ಲಾ. ಒಂದ್ ಮಾತು. ಮುಂದ್ಗಡೆ ಬಲಗಡೆ ಮೂಲೆ ನಿಂದು."

"ಯಾವ ಮೂಲೆ ಮಾವ?"

"ಚಟ್ಟದ್ದು ಕಣ್ಲಾ. ಸೈಟಿಂದು ಅನ್ಕಂಡ್ಯಾ?"

"ಇಂಗೆಲ್ಲ ಮಾತಾಡ್ಬ್ಯಾಡಿ ಮಾವ."

"ನೀನು ಮಾತ್ಬುಟ್ಟು ಎಗಲು ಕೊಡು. ಮನೆಯಿಂದ ಗದ್ದೆ ಗಂಟ, ನಾಲೆ ಏರಿ ಮ್ಯಾಲೆ, ನಡುವೆ ಎಲ್ಲೂ ಇಳಿಸ್ದಂಗೆ. ಆ ವ್ಯಾನು ಗೀನು ತರಿಸ್ಬ್ಯಾಡಿ. ನಂಗೆ ಮೊದ್ಲೇ ಬಸ್ಸಲ್ಲಿ ಕೂತ್ರೆ ವಾಂತಿ ಬತ್ತದೆ."

ನಗಬೇಕೋ ಅಳಬೇಕೋ ಗೊತ್ತಾಗದೆ "ಆಯ್ತು" ಅಂದೆ. ಮಾತು ಕೊಟ್ಟಮೇಲೆ ಏನು ಮಾಡೋದು? ಮಾರನೇ ದಿನದಿಂದ ವ್ಯಾಯಾಮ ಶುರು!

ಜನ ಸಕ್ಕರೆ ಕಾಯಿಲೆಗೆ ಓಡುತ್ತಾರೆ, ಹೊಟ್ಟೆ ಕರಗಲು ಓಡುತ್ತಾರೆ. ಸೋದರಮಾವನ ಶವಯಾತ್ರೆಗೆ ತಯಾರಿ ಅಂತ ಓಡಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ, "ಮೊದಲ ವಾರ ಬರೀ ನಡೆಯಿರಿ" ಅಂತ ಶುರು ಮಾಡಿದ. ಅಷ್ಟು ಟೈಮು ಯಾರಿಗಿದೆ ಅಂತ ಆ ಭಾಗ ಓಡಿಸಿಬಿಟ್ಟೆ. ಮಗ ಬಿಟ್ಟುಹೋಗಿದ್ದ ಹಳೇ ಬೂಟು ಹಾಕಿಕೊಂಡು, ಅದರ ಅಟ್ಟೆ ಹಪ್ಪಳದಷ್ಟು ತೆಳ್ಳಗಿದ್ದರೂ ಲೆಕ್ಕಿಸದೆ, ಕೋಟೆ ಪಕ್ಕದ ಡಾಂಬರು ರಸ್ತೆಯಲ್ಲಿ ಓಡಿದೆ. ಮೊದಲ ದಿನ ಎಷ್ಟು ಖುಷಿಯಾಯಿತು ಅಂದರೆ, ಬೆವರು ಒರೆಸದೆ ಫೋಟೋ ತೆಗೆದು ಇಲ್ಲೇ ಹಾಕಿದ್ದೆ. ನೀವೆಲ್ಲ "ಸೂಪರ್ ಅಣ್ಣ" ಅಂದಿದ್ದಿರಿ. ನಿಮ್ಮದೂ ಪಾಲಿದೆ ಇದರಲ್ಲಿ!

ವಾರ ತುಂಬುವುದರೊಳಗೆ ಬಲಗಾಲಿನ ಆ ಅನಾಮಧೇಯ ಮೂಳೆ ಮಾತಾಡಲು ಶುರು ಮಾಡಿತು. ಮೊದಲು ಗೊಣಗಿತು. ಆಮೇಲೆ ಬೈಯಿತು. ಆಮೇಲೆ ಹೆಜ್ಜೆ ಇಟ್ಟಾಗಲೆಲ್ಲ ಒಳಗಿನಿಂದ ಯಾರೋ ಉಳಿ ಇಟ್ಟು ಕೆತ್ತಿದ ಹಾಗೆ. ಮೆಟ್ಟಿಲು ಇಳಿಯುವಾಗ ನಾನು ಏಡಿಯ ಹಾಗೆ ಅಡ್ಡಡ್ಡ ಇಳಿಯತೊಡಗಿದೆ.

ಭಾಗ್ಯ ನೋಡಿದಳು. "ಓಡೋದು ಬುಟ್ಬುಡಿ ಅಂದ್ರೆ ಕೇಳಾಕಿಲ್ಲ. ಮೊದ್ಲು ನೀವು ನಡೀರಿ, ಆಮ್ಯಾಕೆ ಮಾವನ್ನ ಒರೀರಂತೆ."

"ಅಭ್ಯಾಸ ಆಗೋಗಂಟ ನೋವಿರ್ತದೆ ಕಣೆ. ನೋವಿದ್ರೇನೆ ಕೆಲಸ ಆಯ್ತಾ ಅದೆ ಅಂತ ಅರ್ಥ."

"ಅಂಗಾದ್ರೆ ನಿಮ್ಮ ಕಾಲಿಗೆ ಭಾರೀ ಕೆಲಸ ಆಯ್ತಾ ಅದೆ ಬುಡಿ."

ಅಂಗಡಿಗೆ ಬಂದ ಗಿರಾಕಿಗಳೆಲ್ಲ ವೈದ್ಯರಾದರು. ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಲು ಬಂದವರು ಹರಳೆಣ್ಣೆ ಹಚ್ಚು ಅಂದರು. ಪಹಣಿ ತಂದವರು ಲಕ್ಕಿಸೊಪ್ಪಿನ ಶಾಖ ಕೊಡು ಅಂದರು. ಎರಡನ್ನೂ ಮಾಡಿದೆ. ಕಾಲು ಮೊದಲು ಜಿಡ್ಡಾಯಿತು, ಆಮೇಲೆ ಬೆಂದಿತು, ನೋವು ಹಾಗೇ ಇತ್ತು. ಕೊನೆಗೆ ಭಾಗ್ಯಳೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಮೂಳೆಯ ಒಳಪಕ್ಕಕ್ಕೆ ಬೆರಳಿಟ್ಟು ಒತ್ತಿದರು. ನಾನು ಕೂಗಿದ ಕೂಗಿಗೆ ಹೊರಗೆ ಕೂತಿದ್ದ ಒಂದು ಮಗು ಅಳತೊಡಗಿತು.

"ಒಂದೇ ಸಲ ಜಾಸ್ತಿ ಓಡಿದ್ದೀರಿ," ಅಂದರು. "ಮೂಳೆಗೂ ಅದನ್ನು ಹಿಡಿದಿರೋ ಮಾಂಸಕ್ಕೂ ಪೆಟ್ಟಾಗಿದೆ. ಐಸ್ ಇಡಿ, ಕಾಲಿಗೆ ರೆಸ್ಟ್ ಕೊಡಿ, ಓಡೋದು ನಿಲ್ಲಿಸಿ. ನೋವು ಪೂರ್ತಿ ಹೋದಮೇಲೆ ಒಳ್ಳೇ ಬೂಟು ಹಾಕಿಕೊಂಡು, ನಡಿಗೆಯಿಂದ ಶುರು ಮಾಡಿ. ಹೀಗೇ ಮುಂದುವರಿಸಿದರೆ ಮೂಳೆ ಬಿರುಕು ಬಿಡಬಹುದು."

"ಅಷ್ಟು ದಿನ ಕಾಯೋಕಾಗಲ್ಲ ಡಾಕ್ಟ್ರೇ."

"ಯಾಕೆ, ಯಾವುದಾದರೂ ಸ್ಪರ್ಧೆ ಇದೆಯಾ?"

ಮಾವನಿಗೂ ನನಗೂ ಸ್ಪರ್ಧೆ ಅಂತ ಹೇಗೆ ಹೇಳುವುದು?

ಸರಿ, ಓಡುವುದನ್ನು ಬಿಟ್ಟೆ. ಡಾಕ್ಟರ ಮಾತಿನ ಮೇಲೆ ನನಗೆ ಅಪಾರ ಗೌರವ. ಅವರು ಓಡಬೇಡಿ ಅಂದಿದ್ದರು. ಹೊರಬೇಡಿ ಅಂದಿರಲಿಲ್ಲವಲ್ಲ!

ಪಕ್ಕದ ಮನೆಯ ಪುಟ್ಟರಾಜು ನನ್ನ ಸ್ನೇಹಿತ. ಕೆಲಸ ಇಲ್ಲದ ಹೊತ್ತಿನಲ್ಲಿ ಯಾರು ಏನು ಕರೆದರೂ ಬರುವ ಪುಣ್ಯಾತ್ಮ. ಅವನ ಮನೆಯಲ್ಲಿ ಒಂದು ಬಿದಿರು ಏಣಿ ಇತ್ತು. ನಮ್ಮ ಮನೆಯಲ್ಲಿ ಅಕ್ಕಿ ಮೂಟೆ ಇತ್ತು. ಏಣಿಯ ಮೇಲೆ ಮೂಟೆ ಕಟ್ಟಿ, ಮುಂದೆ ನಾನು, ಹಿಂದೆ ಅವನು ಹೆಗಲು ಕೊಟ್ಟು ನಡೆಯುವುದು ಅಂತ ಯೋಜನೆ. ಮಹಡಿಯ ಮೇಲೆ ಪ್ರಯತ್ನಿಸಿದೆವು. ನಾಲ್ಕು ಹೆಜ್ಜೆಗೆ ಗೋಡೆ ಬರುತ್ತಿತ್ತು. ನಾಲೆ ಏರಿ ಉದ್ದ ಇರುತ್ತದಲ್ಲ! ಹಾಗಾಗಿ ಬೆಳಕು ಹರಿಯುತ್ತಿದ್ದ ಹಾಗೆ ಬೀದಿಗೆ ಇಳಿದೆವು. ಸಣ್ಣಗೆ ತುಂತುರು ಹನಿಯುತ್ತಿತ್ತು. ಅಕ್ಕಿ ನೆನೆಯಬಾರದು ಅಂತ ಪುಟ್ಟರಾಜು ಒಂದು ಬಿಳೀ ಪಂಚೆ ತಂದು ಮೂಟೆಯ ಮೇಲೆ ಹೊದಿಸಿದ.

ನಮ್ಮ ಬೀದಿ ನೇರ ಹೊಳೆಗೆ, ಹೆಣ ಸುಡುವ ದಂಡೆಗೆ ಇಳಿಯುತ್ತದೆ. ಈ ದಾರಿಯಲ್ಲಿ ಬಿದಿರು, ಬಿಳೀ ಬಟ್ಟೆ ಕಂಡರೆ ಜನ ಪ್ರಶ್ನೆ ಕೇಳುವುದಿಲ್ಲ, ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ. ಇದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ನನ್ನ ಬುದ್ಧಿಯೆಲ್ಲ ಬಲಗಾಲಿನಲ್ಲಿತ್ತು. ಭಾರ ಬಿದ್ದ ಮೇಲೆ ಆ ಮೂಳೆ ಬೆಂಕಿಯಾಯಿತು. ಕುಂಟುತ್ತಾ, ಹಲ್ಲು ಕಚ್ಚಿಕೊಂಡು ನಡೆದೆ. ಕಣ್ಣಿಂದ ದಳದಳ ನೀರು!

ಟೀ ಅಂಗಡಿಯವನು ಸ್ಟವ್ ಆರಿಸಿ ಎದ್ದು ನಿಂತ. ದಿನಸಿ ಅಂಗಡಿಯವನು ಶಟರನ್ನು ಅರ್ಧಕ್ಕೆ ಎಳೆದ. ದೇವಸ್ಥಾನಕ್ಕೆ ಹೊರಟಿದ್ದ ಒಬ್ಬ ಅಜ್ಜಿ, ಬುಟ್ಟಿಯಿಂದ ಸೇವಂತಿಗೆ ತೆಗೆದು ನಮ್ಮ ಸೋನಾ ಮಸೂರಿಯ ಮೇಲೆ ಹಾಕಿ, "ಅಯ್ಯೋ ಪಾಪ, ಅದೆಂಗೆ ಅಳ್ತಾವ್ನೆ ನೋಡವ್ವ, ಇಬ್ರೇ ಒತ್ಕಂಡ್ ಓಯ್ತಾವ್ರೆ" ಅಂದಳು.

ಬಸ್ಸಿಗೆ ಹೊರಟಿದ್ದ ಒಬ್ಬ ಪುಟ್ಟರಾಜುವನ್ನು ಕೇಳಿದ, "ಯಾರ್ದಣ್ಣ?"

ಪುಟ್ಟರಾಜು ಸತ್ಯವಂತ. ಉಸಿರು ಕಟ್ಟಿಕೊಂಡು ಅಷ್ಟೇ ಅಂದ, "ರಮೇಸನ ಮಾವಂಗೆ... ಅರಕೆರೆ ಮಾವಂಗೆ."

ಕೇಳಿದವನು ಕೈ ಮುಗಿದು, ಮೊಬೈಲು ತೆಗೆದ.

ನಾವು ಹೊಳೆಯವರೆಗೂ ಹೋಗಿ, ಮೂಟೆ ಇಳಿಸಿ, ಸುಧಾರಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಭಾಗ್ಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಗಿತ್ತು.

"ರೀ, ಮಾವ ಓಗ್ಬುಟ್ರಂತೆ! ಫೋನ್ ಮ್ಯಾಲೆ ಫೋನು! ನೀವೆಲ್ಲೋಗಿದ್ರಿ?"

ನಾನೂ ಅಳತೊಡಗಿದೆ. ಅಯ್ಯೋ, ತಯಾರಿ ಮುಗಿಯುವ ಮೊದಲೇ ಹೋಗಿಬಿಟ್ಟರಲ್ಲ ಅಂತ! ಹೆಗಲ ಮೇಲಿನ ಏಣಿಯನ್ನೂ, ಅದರ ಮೇಲಿನ ಸೇವಂತಿಗೆಯನ್ನೂ ಭಾಗ್ಯ ಆಗ ನೋಡಿದಳು. ಆ ಫೋನುಗಳೆಲ್ಲ ಎಲ್ಲಿಂದ ಹುಟ್ಟಿದವು ಅಂತ ಅವಳಿಗೆ ಆಗಲೇ ಹೊಳೆಯಿತು.

"ಬದುಕಿರೋರ ಎಸ್ರಲ್ಲಿ ಚಟ್ಟ ಒರ್ತಾರೇನ್ರೀ? ಥೂ! ನಿಮ್ಮ ಜನ್ಮಕ್ಕಿಷ್ಟು!"

ಅರಕೆರೆಗೆ ಹೋಗಿ ನೋಡಿದರೆ ಮಾವನ ಮನೆ ಮುಂದೆ ಜನವೋ ಜನ. ನಾಗಮಂಗಲದಿಂದ, ಕೆ.ಆರ್. ಪೇಟೆಯಿಂದ, ಪಾಂಡವಪುರದಿಂದ ಹಾರ ಹಿಡಿದುಕೊಂಡು ಬಂದಿದ್ದಾರೆ. ಮಾವ ಜಗಲಿಯಲ್ಲಿ ಗೋಡೆಗೆ ಒರಗಿ, ಕಂಬಳಿ ಹೊದ್ದು ಕೂತು, ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದಾರೆ.

"ಆರ ಎಷ್ಟುದ್ದ ತಂದಿದ್ದೀಯೋ ತೋರ್ಸು. ಇಷ್ಟೇನಾ? ಥೂ, ಜುಗ್ಗ!"

ನನ್ನನ್ನು ಕಂಡದ್ದೇ ಮಾವನ ಮುಖ ಅರಳಿತು. "ಬಂದ್ಯಾ? ಎಂಗಾಯ್ತು ನನ್ನ ಮೆರವಣಿಗೆ? ಎಲ್ಲೂ ಇಳಿಸ್ಲಿಲ್ಲ ತಾನೆ?"

ಅತ್ತೆ ಮಾತ್ರ ನಗಲಿಲ್ಲ. ಬೆಳಿಗ್ಗೆ ಗಂಡನಿಗೆ ಗಂಜಿ ಕುಡಿಸುತ್ತಿದ್ದಾಗಲೇ ಅಂಗಳಕ್ಕೆ ಮೂರು ಜನ ಹೆಂಗಸರು ಎದೆ ಬಡಿದುಕೊಂಡು ಬಂದು, ಅತ್ತೆಯ ಕುತ್ತಿಗೆ ತಬ್ಬಿ, "ಕುಂಕ್ಮ ಅಳಿಸ್ತಲ್ಲವ್ವ" ಅಂತ ಹಾಡಿಕೊಂಡು ಅತ್ತಿದ್ದರು. ಅದರ ಮೇಲೆ ಮಾವ, "ನಾನಂತೂ ಉಣ್ಣಾಕಾಗಾಕಿಲ್ಲ, ಬಂದೋರಾದ್ರೂ ಉಣ್ಲಿ" ಅಂತ ಅಷ್ಟು ಜನಕ್ಕೂ ಮುದ್ದೆ, ಉಪ್ಸಾರು ಮಾಡಿಸಿದ್ದರು. ಅತ್ತೆ ಮುದ್ದೆ ಕಟ್ಟಿ ಕಟ್ಟಿ ಸೋತು, ಹಿಟ್ಟು ತಿರುವುವ ಕೋಲು ಹಿಡಿದೇ ನನ್ನ ಕಡೆ ನೋಡುತ್ತಿದ್ದರು.

ಆಗ ಮಾವ ನನ್ನ ಕುಂಟು ಗಮನಿಸಿದರು. ಕತೆಯೆಲ್ಲ ಕೇಳಿದರು.

"ಇಷ್ಟೇನಾ! ಡಾಕ್ಟ್ರು ಯಾಕ್ಲಾ? ನಿಮ್ಮತ್ತೆ ಕಾಲು ಮುಂದಾಗಿ ಉಟ್ಟಿದೋಳು."

ನಮ್ಮ ಕಡೆ ಒಂದು ನಂಬಿಕೆ ಇದೆ. ತಲೆಗಿಂತ ಮೊದಲು ಕಾಲು ಹೊರಗೆ ಬಂದು ಹುಟ್ಟಿದವರು ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಅಂತ. ಸೊಂಟ ಹಿಡಿದುಕೊಂಡವರು ಅತ್ತೆಯ ಹತ್ತಿರ ಬಂದು, ಒದೆಸಿಕೊಂಡು, ಕೈ ಮುಗಿದು ಹೋಗುವುದನ್ನು ನಾನೇ ನೋಡಿದ್ದೇನೆ. ಆದರೆ ಅದು ಸೊಂಟಕ್ಕೆ, ಮೆಲ್ಲಗೆ, ಶಾಸ್ತ್ರಕ್ಕೆ.

"ಇದು ಉಳುಕಲ್ಲ ಮಾವ, ಮೂಳೆ..."

"ಸುಮ್ಕೆ ಕಾಲು ಚಾಚ್ಲಾ. ಲೇ ಇವಳೇ, ಬಾ. ನಾಳೆ ನನ್ನ ಒರೋನು ಇವ್ನು, ಕಾಲು ಸರಿ ಮಾಡು."

ಅತ್ತೆ ಕೋಲು ಕೆಳಗಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನಾನು ಬಲಗಾಲು ಚಾಚಿ ಕಣ್ಣು ಮುಚ್ಚಿದೆ.

ಅತ್ತೆ ಒದ್ದರು.

ಆ ಒದೆಯಲ್ಲಿ ವೈದ್ಯಕ್ಕಿಂತ ಬೇರೆ ಏನೇನೋ ಇತ್ತು. ಅಳಿಸದೆಯೂ ಅಳಿಸಿಹೋಯಿತು ಅನ್ನಿಸಿಕೊಂಡ ಕುಂಕುಮ ಇತ್ತು. ಅಷ್ಟೂ ಮುದ್ದೆ ಇತ್ತು. ಟಕ್ ಅಂತ ಸದ್ದು ಜಗಲಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ನಾನು ಕಿರುಚಿದ್ದು ನಾಲೆ ಆಚೆಗೂ ಕೇಳಿಸಿತಂತೆ.

"ಬುಡ್ತು ನೋಡು, ಉಳುಕು," ಅಂದರು ಮಾವ, ತೃಪ್ತಿಯಿಂದ.

ಬಿಟ್ಟದ್ದು ಉಳುಕಲ್ಲ, ಬಿರುಕು. ಎಕ್ಸ್‌ರೇ ಹಿಡಿದ ಡಾಕ್ಟರು ಅದನ್ನು ಬೆಳಕಿಗೆ ಎತ್ತಿ ನೋಡಿದರು. "ಓಡಿದ್ರಾ?" ಅಂದರು. "ಇಲ್ಲ ಡಾಕ್ಟ್ರೇ, ನೀವು ಹೇಳಿದಮೇಲೆ ಒಂದು ಹೆಜ್ಜೆ ಓಡಿಲ್ಲ" ಅಂದೆ. ಪೂರ್ತಿ ವಿವರ ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಕೇಳಲಿಲ್ಲ. ಪಾದದಿಂದ ಮೊಣಕಾಲಿನವರೆಗೂ ಪ್ಲಾಸ್ಟರ್ ಪಟ್ಟು ಹಾಕಿದರು.

ಆ ಪಟ್ಟಿನಲ್ಲಿ ನಾನು ಮನೆಯಲ್ಲಿ ಬಿದ್ದಿದ್ದಾಗ, ಒಂದು ಬೆಳಿಗ್ಗೆ ಅತ್ತೆಯ ಫೋನು ಬಂತು. ಈ ಸಲ ಯಾರೂ ಹಾಡಿಕೊಂಡು ಅಳಲಿಲ್ಲ. "ರಮೇಸ, ನಿಮ್ಮಾವ ಎದ್ದೇಳ್ಲಿಲ್ಲ ಕಣಪ್ಪ," ಅಂದರು, ಅಷ್ಟೇ.

ನಾನು ನೆಂಟರಿಗೆಲ್ಲ ಫೋನು ಮಾಡಿದೆ. ಇದುವರೆಗಿನದ್ದೆಲ್ಲ ತಮಾಷೆ ಅಂದುಕೊಳ್ಳಿ. ಇಲ್ಲಿಂದ ನನಗೆ ನಗು ಬರುವುದಿಲ್ಲ, ನಿಮಗೆ ಬಂದರೆ ತಪ್ಪೇನಿಲ್ಲ. ಯಾರೂ ನಂಬಲಿಲ್ಲ!

"ಅಣ್ಣ, ಸರ್ಯಾಗಿ ನೋಡಿದ್ಯಾ?"

"ಓದ್ಸಲ ಬಂದು ಮುದ್ದೆ ಉಂಡ್ಕಂಡ್ ಬಂದ್ವಿ. ಈ ಸಲ ಏನ್ ಮಾಡಿಸ್ತಾವ್ರೆ?"

ಕೆ.ಆರ್. ಪೇಟೆಯವನೊಬ್ಬ, "ಮೂಗಿನ ತಾವ ಕೈ ಇಟ್ಟು ನೋಡು, ನಾನು ಲೈನಲ್ಲೇ ಇರ್ತೀನಿ" ಅಂದ. ಮಾವ ಸಾಯುವ ಮೊದಲೇ ನಾನು ಅವರ ಸಾವನ್ನು ಖರ್ಚು ಮಾಡಿಬಿಟ್ಟಿದ್ದೆ.

ಎತ್ತುವ ಹೊತ್ತಾದರೂ ನೆಂಟರು ಸೇರಲಿಲ್ಲ. ಇಬ್ಬರು ಅಳಿಯಂದಿರು, ಒಬ್ಬ ದಾಯಾದಿ. ಬಲಗಡೆ ಮುಂದಿನ ಮೂಲೆ ಖಾಲಿ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಭಾಗ್ಯಳ ಭುಜ ಬಿಟ್ಟು, ಕುಂಟುಗಾಲಲ್ಲಿ ಮುಂದೆ ಹೋದೆ. ಬಿದಿರಿಗೆ ಹೆಗಲು ಕೊಟ್ಟು ಏಳಲು ನೋಡಿದೆ. ಬಲಗಾಲು ಏಳಲಿಲ್ಲ. ಇನ್ನೊಂದು ಸಲ ನೋಡಿದೆ. ಕಣ್ಣು ಕತ್ತಲೆ ಬಂತು.

ದಾಯಾದಿ ಮೆಲ್ಲಗೆ, "ವ್ಯಾನಿಗೆ ಏಳ್ಲಾ?" ಅಂದ.

"ಬ್ಯಾಡ!" ಅಂತ ಕೂಗಿದೆ. ಮಾವನಿಗೆ ವಾಂತಿ ಬರುತ್ತೆ ಅನ್ನಬೇಕು ಅನ್ನಿಸಿತು.

ಆಗ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದವನು ಪುಟ್ಟರಾಜು. ನನ್ನನ್ನು ಬಸ್ಸು ಹತ್ತಿಸಿ ಕರೆದುಕೊಂಡು ಬಂದಿದ್ದವನೇ ಅವನು. ಮಾವನಿಗೆ ಏನೂ ಆಗಬೇಕಾದವನಲ್ಲ. "ಬುಡ್ಲಾ, ನಂಗೆ ಅಭ್ಯಾಸ ಆಗ್ಬುಟ್ಟದೆ" ಅಂದು ಹೆಗಲು ಕೊಟ್ಟ. ಎದ್ದು ನಿಂತ. ಚಟ್ಟ ಎಷ್ಟು ಸಲೀಸಾಗಿ ಎದ್ದಿತು ಅಂದರೆ, ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾವನಲ್ಲಿ ತೂಕವೇ ಇರಲಿಲ್ಲ. ಕಬ್ಬಿನ ಹೊರೆ ಎಸೆಯುತ್ತಿದ್ದ ಆಳನ್ನು ಕಾಯಿಲೆ ಮೊದಲೇ ಹೊತ್ತುಕೊಂಡು ಹೋಗಿತ್ತು. ಕಂಬಳಿಯ ಹೊರಗೆ ಉಳಿದಿದ್ದ ಆ ದನಿಯನ್ನು ಕೇಳಿ ನಾನು ಭಾರ ಅಂದಾಜು ಮಾಡಿದ್ದೆ. ಅಷ್ಟಕ್ಕೆ ಓಟವೂ ಬೇಕಿರಲಿಲ್ಲ, ಏಣಿಯೂ ಬೇಕಿರಲಿಲ್ಲ. ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದು, ಆ ದಿನ ಬಂದು ನಿಂತಿದ್ದರೆ ಸಾಕಿತ್ತು!

ಅವರು ನಾಲೆ ಏರಿಯ ಮೇಲೆ ಹೋದರು. ಎಲ್ಲೂ ಇಳಿಸಲಿಲ್ಲ. ನಾನು ಕೋಲೂರಿಕೊಂಡು ಹಿಂದೆ ಹೊರಟೆ, ತಮಟೆ ಸದ್ದು ದೂರ ಆಗುತ್ತಾ ಹೋಯಿತು. ನಾನು ಗದ್ದೆ ಮುಟ್ಟುವಷ್ಟರಲ್ಲಿ ಗುಂಡಿಗೆ ಮಣ್ಣು ಅರ್ಧ ತುಂಬಿತ್ತು. ಒಂದು ಹಿಡಿ ಹಾಕಿದೆ. ವಾಪಸ್ಸು ಒಂದು ಹೆಜ್ಜೆಯೂ ಆಗಲಿಲ್ಲ, ಕೂತುಬಿಟ್ಟೆ.

ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದರು. ಅದರಲ್ಲಿ ನನ್ನನ್ನು ಕೂರಿಸಿ, ಅದೇ ನಾಲ್ವರು ಎತ್ತಿದರು. ಅರ್ಧ ದಾರಿಗೆ ಇಳಿಸಿದರು. ಮತ್ತೆ ಎತ್ತಿದರು. ಮತ್ತೆ ಇಳಿಸಿದರು. ಪುಟ್ಟರಾಜು ಬೆವರು ಒರೆಸಿಕೊಂಡು, ಏದುಸಿರು ಬಿಡುತ್ತಾ ಅಂದ:

"ಗೌಡ್ರೇ ವಾಸಿ ಕಣ್ಲಾ."

ಇಷ್ಟೇ ನನ್ನ ವ್ಯಾಯಾಮದ ಕತೆ. ನಿಮ್ಮಲ್ಲೂ ಯಾರಾದರೂ ಯಾರಿಗಾಗಿಯಾದರೂ ಕಾಲು, ಕೈ, ಸೊಂಟ ಮುರಿದುಕೊಂಡು, ಕೊನೆಗೆ ಬೇಕಾದ ಹೊತ್ತಿಗೆ ಕೂತು ನೋಡಿದ್ದರೆ ಕೆಳಗೆ ಬರೆಯಿರಿ. ಎಲ್ಲವನ್ನೂ ಓದುತ್ತೇನೆ, ಪಟ್ಟು ಬಿಚ್ಚುವವರೆಗೆ ನನಗೆ ಬೇರೆ ಕೆಲಸವಿಲ್ಲ. ಮದ್ದು ಮಾತ್ರ ದಯವಿಟ್ಟು ಹೇಳಬೇಡಿ.